ಮರೆವಿನ ಕಾಯಿಲೆ ಇರುವವರಿಗೆ ಆರೈಕೆ ಕೇಂದ್ರ: ಸೇರಿಸುವ ಮುಂಚೆ ನೋಡಬೇಕಾದದ್ದು, ಕೇಳಬೇಕಾದದ್ದು

ಬೇರೆ ಕಾಯಿಲೆಯವರನ್ನು ಒಂದು ಕಡೆ ಬಿಟ್ಟು ಬಂದರೆ ಸಂಜೆ ಫೋನ್ ಮಾಡಿ ವಿಚಾರಿಸಬಹುದು. ಊಟ ಮಾಡಿದೆಯಾ, ಯಾರಾದರೂ ಗದರಿದರಾ, ಬೆನ್ನುನೋವಿಗೆ ಮಾತ್ರೆ ಕೊಟ್ಟರಾ ಅಂತ. ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ ಇರುವವರನ್ನು ಹಾಗೆ ಕೇಳಲು ಆಗುವುದಿಲ್ಲ. ಬೆಳಿಗ್ಗೆ ನಡೆದದ್ದು ಸಂಜೆಗೆ ನೆನಪಿರುವುದಿಲ್ಲ. ನೆನಪಿದ್ದರೂ ಹೇಳಲು ಮಾತು ಸಿಗುವುದಿಲ್ಲ. ಹೇಗೋ ಹೇಳಿದರೂ "ಅವರಿಗೆ ಏನೇನೋ ಅನ್ನಿಸುತ್ತೆ ಬಿಡಿ" ಅಂತ ಸುತ್ತಲಿನವರು ತಳ್ಳಿಹಾಕುತ್ತಾರೆ.

ಆದ್ದರಿಂದ ನೀವು ಅಳೆಯಬೇಕಾದದ್ದು ಒಂದೇ. ದೂರು ಹೇಳಲು ಆಗದವರನ್ನು ಈ ಜಾಗ ಹೇಗೆ ನೋಡಿಕೊಳ್ಳುತ್ತದೆ? ಇದಕ್ಕೆ ಉತ್ತರ ಬಣ್ಣದ ಕರಪತ್ರದಲ್ಲಿ ಸಿಗುವುದಿಲ್ಲ. ಸ್ವಾಗತ ಕೊಠಡಿಯ ಸೋಫಾ, ಹೂವಿನ ಕುಂಡ ಇವೆಲ್ಲ ನಮ್ಮನ್ನು ಒಪ್ಪಿಸಲು ಇಟ್ಟಿರುವುದು. ಒಳಗೆ ಇರಬೇಕಾದವರಿಗೆ ಅದರಿಂದ ಏನೂ ಆಗಬೇಕಿಲ್ಲ.

ಇನ್ನೊಂದು ಮಾತು. ಸೇರಿಸುವ ನಿರ್ಧಾರಕ್ಕೆ ಬಂದಿದ್ದೀರಿ ಎಂದರೆ ಮನೆಯಲ್ಲಿ ನಿದ್ದೆಗೆಟ್ಟು, ಕೈಲಾದದ್ದನ್ನೆಲ್ಲ ಮಾಡಿ ಬಂದಿರುತ್ತೀರಿ. ಮನಸ್ಸಿನಲ್ಲಿ ತಪ್ಪು ಮಾಡುತ್ತಿದ್ದೇನೆ ಎಂಬ ಅಳುಕು ಇದ್ದೇ ಇರುತ್ತದೆ. ಆ ಅಳುಕಿನಿಂದ ಬೇಗ ಬಿಡಿಸಿಕೊಳ್ಳಲು ಮೊದಲು ಸಿಕ್ಕ ಜಾಗಕ್ಕೆ ಹೂಂ ಅನ್ನಬೇಡಿ. ಒಳ್ಳೆಯ ಜಾಗ ಹುಡುಕುವುದೂ ಆರೈಕೆಯೇ.

1. ಮೊದಲು ನಿಮ್ಮವರ ಬಗ್ಗೆ ಬರೆದುಕೊಳ್ಳಿ

ಕೇಂದ್ರಗಳ ಪಟ್ಟಿ ಮಾಡುವ ಮುಂಚೆ ಒಂದು ಹಾಳೆ ತೆಗೆದುಕೊಳ್ಳಿ. ನಿಮ್ಮ ಅಮ್ಮನೋ, ಅಪ್ಪನೋ, ಅತ್ತೆಯೋ ಈಗ ಏನೇನು ತಾವಾಗಿ ಮಾಡುತ್ತಾರೆ? ಎದ್ದು ನಡೆಯುತ್ತಾರಾ, ಬಿದ್ದಿದ್ದಾರಾ, ರಾತ್ರಿ ಎಷ್ಟು ಸಲ ಏಳುತ್ತಾರೆ? ನುಂಗುವಾಗ ಕೆಮ್ಮುತ್ತಾರಾ? ಸ್ನಾನ ಮಾಡಿಸುವಾಗ ಹೊಡೆಯಲು ಬರುತ್ತಾರಾ? ಬಾಗಿಲು ತೆಗೆದು ಹೊರಟುಬಿಡುತ್ತಾರಾ? ಏನೂ ಮುಚ್ಚಿಡದೆ ಬರೆಯಿರಿ. ಕೇಂದ್ರದವರಿಗೆ ಕಮ್ಮಿ ಮಾಡಿ ಹೇಳಿದರೆ ಸೇರಿದ ಮೂರನೇ ವಾರಕ್ಕೆ "ನಮ್ಮಿಂದ ಆಗುವುದಿಲ್ಲ, ಕರೆದುಕೊಂಡು ಹೋಗಿ" ಎಂಬ ಫೋನ್ ಬರುತ್ತದೆ.

ಕಾಯಿಲೆಯ ಬಗೆ ಯಾವುದು ಎಂದು ವೈದ್ಯರಿಂದ ಬರೆಸಿಕೊಳ್ಳಿ. ಡಿಮೆನ್ಷಿಯಾ ಎಂದರೆ ಒಂದೇ ಕಾಯಿಲೆ ಅಲ್ಲ. ನೂರಕ್ಕೆ 60ರಿಂದ 70 ಜನರಲ್ಲಿ ಅದು ಆಲ್ಜೈಮರ್ಸ್ ಆಗಿರುತ್ತದೆ. ಲೂಯಿ ಬಾಡಿ ಬಗೆಯಲ್ಲಿ ಇಲ್ಲದ ಮನುಷ್ಯರು, ಪ್ರಾಣಿಗಳು ಕಣ್ಣಿಗೆ ಕಾಣುತ್ತವೆ, ಕೈಕಾಲು ಬಿಗಿಯಾಗುತ್ತದೆ. ಇವರಿಗೆ ಭ್ರಮೆ, ಸಿಟ್ಟು ತಗ್ಗಿಸಲೆಂದು ಹ್ಯಾಲೊಪೆರಿಡಾಲ್‌ನಂಥ ಔಷಧಿ ಕೊಟ್ಟರೆ ಜೀವಕ್ಕೇ ಅಪಾಯ ಆಗಬಹುದು. ಈ ವಿಷಯ ಕೇಂದ್ರದ ನರ್ಸ್‌ಗೆ ಗೊತ್ತಿದೆಯಾ ಅಂತ ನೇರವಾಗಿ ಕೇಳಿ. ಫ್ರಂಟೋಟೆಂಪೊರಲ್ ಬಗೆ ಸಾಮಾನ್ಯವಾಗಿ ಸಣ್ಣ ವಯಸ್ಸಿಗೇ ಬರುತ್ತದೆ. ಅಲ್ಲಿ ಮರೆವಿಗಿಂತ ಮುಂಚೆ ನಡತೆ ಬದಲಾಗುತ್ತದೆ, ಸಂಕೋಚ ಹೋಗುತ್ತದೆ. ಮೈಯಲ್ಲಿ ಶಕ್ತಿ ಇರುವ 58 ವರ್ಷದವರನ್ನು 85 ದಾಟಿದವರ ನಡುವೆ ಕೂರಿಸಿದರೆ ಇಬ್ಬರಿಗೂ ಕಷ್ಟ.

ಭಾಷೆಯನ್ನೂ ಬರೆಯಿರಿ. ಕಾಯಿಲೆ ಮುಂದುವರಿದ ಹಾಗೆ ಆಮೇಲೆ ಕಲಿತ ಭಾಷೆಗಳು ಮೊದಲು ಜಾರುತ್ತವೆ, ಹುಟ್ಟಿನಿಂದ ಆಡಿದ್ದು ಉಳಿದುಕೊಳ್ಳುತ್ತದೆ. ಪ್ರತಿ ಪಾಳಿಯಲ್ಲೂ, ಮುಖ್ಯವಾಗಿ ರಾತ್ರಿ, ಆ ಭಾಷೆ ಬಲ್ಲವರು ಒಬ್ಬರಾದರೂ ಬೇಕು.

ಇವತ್ತಿನ ಸ್ಥಿತಿ ಮಾತ್ರ ನೋಡಬೇಡಿ. ಎರಡು ವರ್ಷದ ನಂತರ ಹಾಸಿಗೆ ಹಿಡಿದರೂ ಇಲ್ಲೇ ಇರಬಹುದಾ? ಜಾಗ ಬದಲಾದಾಗಲೆಲ್ಲ ಡಿಮೆನ್ಷಿಯಾ ಇರುವವರು ಒಂದಷ್ಟು ಕುಸಿಯುತ್ತಾರೆ. ಬದಲಾವಣೆ ಕಮ್ಮಿ ಇದ್ದಷ್ಟೂ ಒಳ್ಳೆಯದು.

2. ಫೋನಿನಲ್ಲೇ ಅರ್ಧ ಕೆಲಸ

ಎಲ್ಲ ಕಡೆಗೂ ಓಡಾಡುವ ಅಗತ್ಯ ಇಲ್ಲ. ಈ ಪ್ರಶ್ನೆಗಳನ್ನು ಫೋನಿನಲ್ಲೇ ಕೇಳಿ:

- ನೀವು ಯಾರನ್ನು ಸೇರಿಸಿಕೊಳ್ಳುವುದಿಲ್ಲ?
- ಹಿಂದಿನ ಸಲ ಒಬ್ಬರನ್ನು ವಾಪಸ್ ಕಳಿಸಿದ್ದು ಯಾವ ಕಾರಣಕ್ಕೆ?
- ರಾತ್ರಿ ಎಷ್ಟು ಜನ ಎಚ್ಚರ ಇರುತ್ತಾರೆ? ಅವರಲ್ಲಿ ತರಬೇತಾದ ನರ್ಸ್ ಇದ್ದಾರಾ?
- ಮುಂಚೆ ಹೇಳದೆ ಬಂದು ನೋಡಬಹುದಾ?

"ಹಿಂದಿನ ಸಲ" ಅಂತ ಕೇಳುವುದನ್ನು ಅಭ್ಯಾಸ ಮಾಡಿಕೊಳ್ಳಿ. "ಬಿದ್ದರೆ ಏನು ಮಾಡುತ್ತೀರಿ?" ಅಂದರೆ ಎಲ್ಲರೂ ನಿಯಮ ಒಪ್ಪಿಸುತ್ತಾರೆ. "ಹಿಂದಿನ ಸಲ ಒಬ್ಬರು ಬಿದ್ದಾಗ ಏನಾಯಿತು?" ಅಂದರೆ ನಿಜವಾಗಿ ನಡೆದದ್ದನ್ನು ಹೇಳಬೇಕಾಗುತ್ತದೆ. ತಡವರಿಸಿದರೂ ಪರವಾಗಿಲ್ಲ, ವಿವರ ಇದೆಯಾ ನೋಡಿ. "ನಮ್ಮಲ್ಲಿ ಯಾರೂ ಬೀಳುವುದೇ ಇಲ್ಲ" ಅಂದರೆ ಆ ಹೆಸರನ್ನು ಪಟ್ಟಿಯಿಂದ ಹೊಡೆದುಹಾಕಿ. ನಡೆದಾಡುವ ಹಿರಿಯರು ಇರುವ ಕಡೆ ಬೀಳುವುದು ಇದ್ದೇ ಇರುತ್ತದೆ.

ಪರವಾನಗಿ ಇದೆಯಾ, ಯಾವ ಇಲಾಖೆಯದು ಅಂತ ಕೇಳಿಕೊಳ್ಳಿ. ಕೆಲವು ದೇಶಗಳಲ್ಲಿ ತಪಾಸಣೆಯ ವರದಿ ಯಾರು ಬೇಕಾದರೂ ಓದಬಹುದು. ಇಂಗ್ಲೆಂಡಿನಲ್ಲಿ ಕೇರ್ ಕ್ವಾಲಿಟಿ ಕಮಿಷನ್ ಎಂಬ ನಿಯಂತ್ರಕ ಸಂಸ್ಥೆ ಅದನ್ನು ಪ್ರಕಟಿಸುತ್ತದೆ. ಅಮೆರಿಕದ ನರ್ಸಿಂಗ್ ಹೋಮ್‌ಗಳ ವರದಿ ಅಲ್ಲಿನ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್‌ನ ಜಾಲತಾಣದಲ್ಲಿದೆ. ಅಂಥ ವರದಿ ಸಿಕ್ಕರೆ ದರ್ಜೆಗೆ ಕೊಟ್ಟ ನಕ್ಷತ್ರಗಳನ್ನು ಎಣಿಸುವುದಕ್ಕಿಂತ ತಪ್ಪುಗಳ ಭಾಗ ಓದಿ. ಒಂದೇ ತಪ್ಪು ಮತ್ತೆ ಮತ್ತೆ ಬಂದಿದೆಯಾ ಅನ್ನುವುದು ಮುಖ್ಯ.

3. ಮೊದಲ ಭೇಟಿ: ಕುಳಿತು ನೋಡಿ

ಮೊದಲ ಸಲ ರೋಗಿಯನ್ನು ಕರೆದುಕೊಂಡು ಹೋಗಬೇಡಿ. ಮ್ಯಾನೇಜರ್ ತೋರಿಸುವುದನ್ನೆಲ್ಲ ನೋಡಿ ಮುಗಿದ ಮೇಲೆ "ಸ್ವಲ್ಪ ಹೊತ್ತು ಹಾಲ್‌ನಲ್ಲಿ ಕೂತಿರಬಹುದಾ?" ಅಂತ ಕೇಳಿ. ನಿಜವಾದ ಭೇಟಿ ಶುರುವಾಗುವುದು ಆಗಲೇ.

ಮೂಗಿಗೆ ಏನು ಬರುತ್ತದೆ? ಒಂದು ಕೋಣೆಯ ಹತ್ತಿರ ಮೂತ್ರದ ವಾಸನೆ ಬಂದರೆ ಅಲ್ಲಿ ಈಗಷ್ಟೇ ಏನೋ ಆಗಿದೆ, ಅದು ಸಹಜ. ಇಡೀ ಓಣಿಯೇ ನಾರುತ್ತಿದ್ದರೆ ಜನರನ್ನು ಹೊತ್ತಿಗೆ ಸರಿಯಾಗಿ ಶೌಚಕ್ಕೆ ಕರೆದೊಯ್ಯುತ್ತಿಲ್ಲ. ಮೂಗು ಕಟ್ಟುವಷ್ಟು ಸುವಾಸನೆ ಸಿಂಪಡಿಸಿದ್ದರೂ ಅನುಮಾನ ಪಡಿ.

ಕರೆಗಂಟೆ ಹೊಡೆದರೆ ಗಡಿಯಾರ ನೋಡಿ. ಎಷ್ಟು ನಿಮಿಷಕ್ಕೆ ಯಾರಾದರೂ ಹೋದರು? ಯಾರೋ ಒಬ್ಬರು "ಅಮ್ಮಾ, ಅಮ್ಮಾ" ಅಂತ ಕೂಗುತ್ತಲೇ ಇದ್ದರೆ ಸಿಬ್ಬಂದಿ ಆ ಕೂಗಿಗೆ ಕಿವುಡಾಗಿಬಿಟ್ಟಿದ್ದಾರಾ?

ಆಮೇಲೆ ಅಲ್ಲಿರುವವರ ಮೈಮೇಲೆ ಕಣ್ಣಾಡಿಸಿ. ಕನ್ನಡಕ ಒರೆಸಿದೆಯಾ? ಕಿವಿಯ ಮೆಷಿನ್ ಕಿವಿಯಲ್ಲಿದೆಯಾ, ಡ್ರಾಯರ್‌ನಲ್ಲಿದೆಯಾ? ಹಲ್ಲಿನ ಸೆಟ್ ಹಾಕಿದ್ದಾರಾ? ಉಗುರು ಕತ್ತರಿಸಿದೆಯಾ? ಚಪ್ಪಲಿ ಅಳತೆಗೆ ಸರಿ ಇದೆಯಾ, ಬಟ್ಟೆ ಅವರದ್ದೇನಾ? ಇವು ಸಣ್ಣ ವಿಷಯ ಅನ್ನಿಸಬಹುದು. ಆದರೆ ಇವನ್ನು ತಾವಾಗಿ ಕೇಳಿ ಪಡೆಯಲು ಅವರಿಗೆ ಆಗುವುದಿಲ್ಲ, ಅಲ್ವಾ? ಯಾರೋ ಒಬ್ಬರು ತಾವಾಗಿ ಗಮನಿಸಿದರೆ ಮಾತ್ರ ಇವು ಸರಿ ಇರುತ್ತವೆ. ಕನ್ನಡಕ ಮಸುಕಾಗಿ, ಕಿವಿ ಕೇಳಿಸದೆ ಕುಳಿತವರಿಗೆ ಗೊಂದಲ ದುಪ್ಪಟ್ಟಾಗುತ್ತದೆ. ಅದನ್ನು ಕಾಯಿಲೆಯ ಲೆಕ್ಕಕ್ಕೆ ಬರೆದುಬಿಡುತ್ತಾರೆ.

ಎಲ್ಲಕ್ಕಿಂತ ಜಾಸ್ತಿ ಹೊತ್ತು ನೋಡಬೇಕಾದದ್ದು ಸಿಬ್ಬಂದಿ ಮುಟ್ಟುವ ರೀತಿ. ಒಳ್ಳೆಯವರು ಎದುರಿನಿಂದ ಬರುತ್ತಾರೆ, ಕಣ್ಣಿನ ಮಟ್ಟಕ್ಕೆ ಬಗ್ಗುತ್ತಾರೆ, ಹೆಸರು ಹಿಡಿದು ಅಥವಾ ಅವರಿಗೆ ಇಷ್ಟವಾದ ಹಾಗೆ ಕರೆಯುತ್ತಾರೆ. ಏನು ಮಾಡಲಿದ್ದೇವೆ ಅಂತ ಹೇಳಿ, ಒಂದು ಕ್ಷಣ ಕಾದು, ಆಮೇಲೆ ಕೈ ಹಿಡಿಯುತ್ತಾರೆ. ಇನ್ನು ಕೆಲವು ಕಡೆ ಹಿಂದಿನಿಂದ ಬಂದು ಗಾಲಿಕುರ್ಚಿಯನ್ನು ಸುಮ್ನೆ ತಳ್ಳಿಕೊಂಡು ಹೋಗುತ್ತಾರೆ. ಕೂತವರಿಗೆ ಎಲ್ಲಿಗೆ ಎಂದು ಗೊತ್ತಿಲ್ಲ. ಅವರು ಗಾಬರಿಯಾಗಿ ಕೈ ಬೀಸಿದರೆ "ಹೊಡೆಯುವ ರೋಗಿ" ಎಂಬ ಹೆಸರು ಬೀಳುತ್ತದೆ. "ಡಯಾಪರ್ ಹಾಕಿದೆಯಲ್ಲ, ಅದರಲ್ಲೇ ಮಾಡಿ" ಎಂಬ ಮಾತು ಕಿವಿಗೆ ಬಿದ್ದರೆ ಎದ್ದು ಬನ್ನಿ. ಮುಂದೆ ನೋಡುವುದು ಏನೂ ಇಲ್ಲ.

4. ಎರಡನೇ ಭೇಟಿ: ಸಂಜೆ ಹೊತ್ತಿಗೆ

ಬೆಳಿಗ್ಗೆ 11ಕ್ಕೆ ಎಲ್ಲ ಜಾಗವೂ ಚೆನ್ನಾಗಿಯೇ ಕಾಣುತ್ತದೆ. ಹೊತ್ತು ಇಳಿಯುವಾಗ ಹೋಗಿ. ಡಿಮೆನ್ಷಿಯಾ ಇರುವ ಅನೇಕರಿಗೆ ಆ ವೇಳೆಗೆ ತಳಮಳ ಶುರುವಾಗುತ್ತದೆ. ಓಡಾಟ, ಅಳು, ಸಿಟ್ಟು, "ಮನೆಗೆ ಹೋಗಬೇಕು" ಎಂಬ ಒಂದೇ ಹಟ. ಬೆಳಕು ಕಮ್ಮಿಯಾಗುವುದು, ದಣಿವು, ದೇಹದ ಗಡಿಯಾರ ಕೆಟ್ಟಿರುವುದು ಎಲ್ಲ ಸೇರಿ ಹೀಗಾಗುತ್ತದೆ. ಎಷ್ಟೋ ಕಡೆ ಪಾಳಿ ಬದಲಾಗುವುದೂ ಅದೇ ಹೊತ್ತಿಗೆ. ಅಂದರೆ ಜನ ಅತಿ ಹೆಚ್ಚು ಬೇಕಾದ ಹೊತ್ತಿನಲ್ಲಿ ಸಿಬ್ಬಂದಿ ರಿಜಿಸ್ಟರ್ ಬರೆಯುತ್ತಾ ಕೂತಿರುತ್ತಾರೆ.

"ಮನೆಗೆ ಹೋಗಬೇಕು" ಅಂದವರಿಗೆ ಏನು ಉತ್ತರ ಸಿಗುತ್ತದೆ, ಕೇಳಿಸಿಕೊಳ್ಳಿ. "ಇದೇ ನಿಮ್ಮ ಮನೆ, ಕೂತ್ಕೊಳ್ಳಿ" ಅಂದರೆ ಅವರ ಸಂಕಟ ಹೆಚ್ಚುತ್ತದೆ. "ಮನೆಯಲ್ಲಿ ಯಾರಿದ್ದಾರೆ? ಬನ್ನಿ, ನಡೀತಾ ಮಾತಾಡೋಣ" ಅಂತ ಕೈ ಹಿಡಿದು ಹೊರಟವರು ಕೆಲಸ ಬಲ್ಲವರು. ತೀರಿಹೋದ ಗಂಡ ಎಲ್ಲಿ ಎಂದು ಒಬ್ಬ ಅಜ್ಜಿ ಕೇಳಿದರೆ ಏನು ಹೇಳುತ್ತೀರಿ ಎಂದೂ ವಿಚಾರಿಸಿ. ಪ್ರತಿಸಲ "ಅವರು ಸತ್ತುಹೋದರಲ್ಲ" ಅಂದರೆ ಅವರಿಗೆ ಪ್ರತಿಸಲವೂ ಅದು ಹೊಸ ಸಾವು. ಈ ಪ್ರಶ್ನೆಗೆ ಸಿಬ್ಬಂದಿ ಮೊದಲೇ ಯೋಚಿಸಿಟ್ಟ ಉತ್ತರ ಕೊಟ್ಟರೆ ತರಬೇತಿ ಆಗಿದೆ ಎಂದು ತಿಳಿಯಿರಿ.

ಆಗುವುದಾದರೆ ರಜೆಯ ದಿನ ಇನ್ನೊಮ್ಮೆ ಹೋಗಿ ಬನ್ನಿ. ಮ್ಯಾನೇಜರ್ ಇಲ್ಲದ ದಿನ ಅದು.

5. ಒಂದು ಊಟ ಪೂರ್ತಿ ನೋಡಿ

ಬಡಿಸುವುದರಿಂದ ತಟ್ಟೆ ಎತ್ತುವವರೆಗೆ ಕೂತಿರಿ. ತಿನ್ನಿಸುವವರು ಪಕ್ಕದಲ್ಲಿ ಕೂತಿದ್ದಾರಾ, ನಿಂತುಕೊಂಡು ಒಬ್ಬರ ಬಾಯಿಂದ ಇನ್ನೊಬ್ಬರ ಬಾಯಿಗೆ ಚಮಚ ಓಡಿಸುತ್ತಿದ್ದಾರಾ? ಮುಂದಿನ ತುತ್ತು ಕೊಡುವ ಮುಂಚೆ ಹಿಂದಿನದು ನುಂಗಿದ್ದಾರಾ ಎಂದು ನೋಡುತ್ತಾರಾ? ಮುಟ್ಟದ ತಟ್ಟೆಯನ್ನು ಹಾಗೇ ಎತ್ತಿಕೊಂಡು ಹೋಗುತ್ತಾರಾ? ಚಮಚ ಹಿಡಿಯಲು ಆಗದವರಿಗೆ ಕೈಯಲ್ಲಿ ಹಿಡಿದು ತಿನ್ನುವಂಥದ್ದು ಕೊಡುತ್ತಾರಾ?

ನುಂಗುವ ತೊಂದರೆ ಈ ಕಾಯಿಲೆಯಲ್ಲಿ ಇಂದಲ್ಲ ನಾಳೆ ಬರುತ್ತದೆ. ಅನ್ನನಾಳಕ್ಕೆ ಹೋಗಬೇಕಾದದ್ದು ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗುತ್ತದೆ. ನೆಟ್ಟಗೆ ಕೂರಿಸಿ ತಿನ್ನಿಸುವುದು, ಊಟದ ನಂತರ ಅರ್ಧ ಗಂಟೆಯಾದರೂ ಮಲಗಿಸದಿರುವುದು, ಬಾಯಿ ಸ್ವಚ್ಛ ಇಡುವುದು, ಇಷ್ಟನ್ನು ತಪ್ಪದೆ ಮಾಡುವ ಜಾಗ ಬೇಕು. ನೀರಿನ ವಿಷಯವೂ ಅಷ್ಟೇ. ಬಾಯಾರಿಕೆ ಅವರಿಗೆ ತಿಳಿಯುವುದಿಲ್ಲ. ಮೇಜಿನ ಮೇಲೆ ಲೋಟ ಇಟ್ಟರೆ ಸಾಲದು, ಕೈಗೆ ಕೊಡಬೇಕು.

ತೂಕದ ದಾಖಲೆ ತಿಂಗಳಿಗೊಮ್ಮೆಯಾದರೂ ಬರೆಯುತ್ತಾರಾ ಕೇಳಿ. ಒಂದು ತಿಂಗಳಲ್ಲಿ ಶೇ. 5, ಆರು ತಿಂಗಳಲ್ಲಿ ಶೇ. 10 ತೂಕ ಇಳಿದರೆ ಅದು ಎಚ್ಚರಿಕೆಯ ಗಂಟೆ. ಅದು ಅವರಿಗೆ ಗೊತ್ತಿರಬೇಕು. ತಟ್ಟೆಯ ಬಣ್ಣವನ್ನೂ ನೋಡಿ. ಬಿಳಿ ತಟ್ಟೆಯಲ್ಲಿ ಬಿಳಿ ಆಹಾರ ಇವರ ಕಣ್ಣಿಗೆ ಬೇರೆಯಾಗಿ ಕಾಣುವುದಿಲ್ಲ. 2004ರಲ್ಲಿ ಪ್ರಕಟವಾದ ಅಮೆರಿಕದ ಒಂದು ಸಣ್ಣ ಅಧ್ಯಯನದಲ್ಲಿ ಗಾಢ ಕೆಂಪು ತಟ್ಟೆ ಲೋಟ ಕೊಟ್ಟಾಗ ಆಲ್ಜೈಮರ್ಸ್ ಬಲಿತವರು ಶೇ. 25ರಷ್ಟು ಜಾಸ್ತಿ ತಿಂದರು, ಶೇ. 84ರಷ್ಟು ಜಾಸ್ತಿ ಕುಡಿದರು.

6. ಔಷಧಿ: ಇಲ್ಲಿ ಸಂಕೋಚ ಬೇಡ

ಮಧ್ಯಾಹ್ನಕ್ಕೆ ಮುಂಚೆಯೇ ಹಾಲ್‌ನಲ್ಲಿ ಎಲ್ಲರೂ ತಲೆ ಬಾಗಿಸಿ ತೂಕಡಿಸುತ್ತಿದ್ದರೆ ಅದನ್ನು ಶಾಂತಿ ಅಂದುಕೊಳ್ಳಬೇಡಿ. ಸಿಬ್ಬಂದಿ ಕಮ್ಮಿ ಇರುವ ಕಡೆ ಮಂಪರು ಬರಿಸುವ ಔಷಧಿ ಜಾಸ್ತಿ ಓಡುತ್ತದೆ.

ಆಂಟಿಸೈಕೋಟಿಕ್ ಎಂಬ ಗುಂಪಿನ ಔಷಧಿಗಳನ್ನು ಸಿಟ್ಟು, ಕಿರುಚಾಟಕ್ಕೆ ಕೊಡುತ್ತಾರೆ. ಡಿಮೆನ್ಷಿಯಾ ಇರುವ ಹಿರಿಯರಲ್ಲಿ ಇವುಗಳ ಪೈಕಿ ಹೊಸ ತಲೆಮಾರಿನವು ಸಾವಿನ ಅಪಾಯವನ್ನು ಸುಮಾರು 1.6ರಿಂದ 1.7 ಪಟ್ಟು ಹೆಚ್ಚಿಸುತ್ತವೆ ಎಂದು ಅಮೆರಿಕದ ಔಷಧ ನಿಯಂತ್ರಕ ಸಂಸ್ಥೆ 2005ರಲ್ಲಿ ತನ್ನ ಅತ್ಯಂತ ಕಟ್ಟುನಿಟ್ಟಿನ ಎಚ್ಚರಿಕೆ ಕೊಟ್ಟಿತು. 2008ರಲ್ಲಿ ಅದೇ ಎಚ್ಚರಿಕೆಯನ್ನು ಹಳೆಯ ತಲೆಮಾರಿನ ಔಷಧಿಗಳಿಗೂ ವಿಸ್ತರಿಸಿತು. ಹಾಗಂತ ಎಂದೂ ಕೊಡಲೇಬಾರದು ಅಂತಲ್ಲ. ರೋಗಿ ತನಗೋ ಬೇರೆಯವರಿಗೋ ಏಟು ಮಾಡಿಕೊಳ್ಳುವಂತಿದ್ದರೆ ಬೇಕಾಗಬಹುದು. ಆಗಲೂ ಕಡಿಮೆ ಪ್ರಮಾಣ, ಕಡಿಮೆ ದಿನ, ಮತ್ತೆ ಮತ್ತೆ ಪರಿಶೀಲನೆ ಇರಬೇಕು.

ಕೇಳಿ: ಇಲ್ಲಿರುವವರಲ್ಲಿ ಎಷ್ಟು ಜನಕ್ಕೆ ಇಂಥ ಔಷಧಿ ನಡೆಯುತ್ತಿದೆ? ಶುರು ಮಾಡುವ ಮುಂಚೆ ನನಗೆ ಫೋನ್ ಮಾಡುತ್ತೀರಾ? ಹಿಂದಿನ ಸಲ ಒಬ್ಬರಿಗೆ ನಿಲ್ಲಿಸಿದ್ದು ಯಾವಾಗ? ನಿಲ್ಲಿಸಿದ ಉದಾಹರಣೆಯೇ ಇಲ್ಲದಿದ್ದರೆ ಪರಿಶೀಲನೆ ಬರೀ ಕಾಗದದ ಮೇಲಿದೆ. ಅಲರ್ಜಿಗೆ, ನಿದ್ದೆಗೆ ಕೊಡುವ ಡೈಫೆನ್‌ಹೈಡ್ರಮಿನ್‌ನಂಥ ಸಾಮಾನ್ಯ ಮಾತ್ರೆ ಕೂಡ ಗೊಂದಲ ಹೆಚ್ಚಿಸುತ್ತದೆ. ಅದನ್ನೂ ಪಟ್ಟಿಯಲ್ಲಿ ನೋಡಿ.

ಇದ್ದಕ್ಕಿದ್ದಂತೆ ಒಬ್ಬರು ರೇಗಾಡಲು ಶುರು ಮಾಡಿದರೆ ಮೊದಲು ಏನು ಪರೀಕ್ಷಿಸುತ್ತೀರಿ? ನರ್ಸ್ ಬಾಯಿಂದ ಮೂತ್ರದ ಸೋಂಕು, ಮಲಬದ್ಧತೆ, ನೋವು, ಹೊಸ ಔಷಧಿ ಎಂಬ ಮಾತುಗಳು ಬರಬೇಕು. ನೋವನ್ನು ಬಾಯಿಬಿಟ್ಟು ಹೇಳಲಾರದವರಿಗಾಗಿಯೇ 2003ರಲ್ಲಿ ಬಂದ ಪೇನ್‌ಎಡ್ ಎಂಬ ಅಳತೆ ಇದೆ. ಉಸಿರಾಟ, ನರಳಿಕೆ, ಮುಖದ ಭಾವ, ಮೈಯ ಬಿಗಿತ, ಸಮಾಧಾನ ಮಾಡಿದರೆ ಸುಮ್ಮನಾಗುತ್ತಾರಾ ಎಂಬ ಐದನ್ನು ನೋಡಿ ಒಟ್ಟು 10ಕ್ಕೆ ಅಂಕ ಹಾಕುತ್ತಾರೆ. ಇಂಥ ಯಾವುದಾದರೂ ಅಳತೆ ಬಳಸುವ ಕೇಂದ್ರದಲ್ಲಿ ನಿಮ್ಮವರ ನೋವು ಯಾರ ಕಣ್ಣಿಗಾದರೂ ಬೀಳುತ್ತದೆ.

ಕಟ್ಟಿಹಾಕುವುದನ್ನೂ ಇಲ್ಲೇ ಕೇಳಿಬಿಡಿ. ಹಗ್ಗವೇ ಆಗಬೇಕಿಲ್ಲ. ಎದ್ದೇಳದಂತೆ ಮುಂದೆ ಲಾಕ್ ಮಾಡಿದ ಟ್ರೇ, ಗಾಲಿಕುರ್ಚಿಯ ಬೆಲ್ಟ್, ಮಂಚದ ಎರಡೂ ಬದಿಯ ಸರಳು ಎಲ್ಲ ಅದೇ. ಸರಳು ದಾಟಲು ಹೋಗಿ ಇನ್ನೂ ಎತ್ತರದಿಂದ ಬೀಳುತ್ತಾರೆ. ಮಂಚವನ್ನೇ ತಗ್ಗಿಸಿ ಪಕ್ಕದಲ್ಲಿ ಮೆತ್ತನೆ ಹಾಸು ಹಾಕುವವರು ಹೆಚ್ಚು ತಿಳಿದವರು.

7. ಸಿಬ್ಬಂದಿಯನ್ನೇ ಮಾತಾಡಿಸಿ

ಮ್ಯಾನೇಜರ್ ಹೇಳುವ ಲೆಕ್ಕದಲ್ಲಿ ಅಡುಗೆಯವರು, ಕಾವಲಿನವರು ಎಲ್ಲ ಸೇರಿರುತ್ತಾರೆ. ಆದ್ದರಿಂದ ಆರೈಕೆ ಮಾಡುವವರನ್ನೇ ಮೆಲ್ಲಗೆ ಕೇಳಿ: ಇವತ್ತು ನೀವು ಎಷ್ಟು ಜನರನ್ನು ನೋಡಿಕೊಳ್ಳುತ್ತಿದ್ದೀರಿ? ಇಲ್ಲಿಗೆ ಬಂದು ಎಷ್ಟು ದಿನ ಆಯಿತು? ದಿನಾ ಅದೇ ಜನರನ್ನೇ ನೋಡುತ್ತೀರಾ? ಎಲ್ಲರೂ ಹೊಸಬರಾಗಿದ್ದರೆ ಹಳಬರು ಯಾಕೆ ಹೋದರು ಎಂದು ಯೋಚಿಸಿ. ದಿನಾ ಮುಖ ಬದಲಾದರೆ ಡಿಮೆನ್ಷಿಯಾ ಇರುವವರಿಗೆ ದಿನಾ ಅಪರಿಚಿತರು ಬಂದು ಬಟ್ಟೆ ಬಿಚ್ಚಿದ ಹಾಗೆ.

ದೂರದಲ್ಲಿ ಕೂತ ಒಬ್ಬರನ್ನು ತೋರಿಸಿ "ಅವರು ಹೇಗೆ, ಅವರಿಗೆ ಏನು ಇಷ್ಟ?" ಅಂತ ಕೇಳಿ. ಕಾಯಿಲೆಯ ವಿವರ ಕೇಳಬೇಡಿ, ಅದು ಅವರ ಗುಟ್ಟು. "ಅವರು ಮೇಷ್ಟ್ರಾಗಿದ್ದರು, ಕೈಗೆ ಪುಸ್ತಕ ಕೊಟ್ಟರೆ ಸಮಾಧಾನ" ಎಂಬಂಥ ಉತ್ತರ ಬಂದರೆ ಆ ಜಾಗದಲ್ಲಿ ಮನುಷ್ಯರನ್ನು ಮನುಷ್ಯರಾಗಿ ನೋಡುತ್ತಿದ್ದಾರೆ. "ಅದು 12ನೇ ನಂಬರ್" ಅಂದರೆ ಬೇರೆ ಕಡೆ ಹುಡುಕಿ.

8. ಕಟ್ಟಡ

ಇದಕ್ಕೆ ಜಾಸ್ತಿ ಹೊತ್ತು ಬೇಡ. ಹಾಸಿಗೆಯಿಂದ ಶೌಚಾಲಯದ ಬಾಗಿಲು ಕಾಣುತ್ತದೆಯಾ ನೋಡಿ. ಕಪ್ಪು ಕಾಲೊರಸು ಇವರಿಗೆ ಗುಂಡಿಯಂತೆ ಕಾಣಬಹುದು, ಹೊಳೆಯುವ ನೆಲ ನೀರಿನಂತೆ ಕಾಣಬಹುದು. ಕನ್ನಡಿಯಲ್ಲಿ ಕಂಡ ತಮ್ಮನ್ನೇ ಕಳ್ಳ ಅಂದುಕೊಂಡು ಹೆದರುವವರೂ ಇದ್ದಾರೆ. ಅಡ್ಡಿಯಿಲ್ಲದೆ ನಡೆದು ಬಂದಲ್ಲಿಗೇ ಸೇರುವ ದಾರಿ, ಬಿಸಿಲು ಗಾಳಿಗೆ ಹೋಗಲು ಸುತ್ತುಗೋಡೆಯ ಅಂಗಳ ಇದ್ದರೆ ಬಹಳ ಒಳ್ಳೆಯದು. ಬೆಂಕಿ ಬಿದ್ದರೆ ಬೀಗ ಹಾಕಿದ ಬಾಗಿಲು ಹೇಗೆ ತೆರೆಯುತ್ತದೆ ಎಂದು ಕೇಳಲು ಮರೆಯಬೇಡಿ.

ನೆದರ್ಲೆಂಡ್ಸ್‌ನ ವೇಸ್ಪ್‌ನಲ್ಲಿ 2009ರಲ್ಲಿ ಶುರುವಾದ ಹೊಗೆವೇಕ್ ಎಂಬ ಡಿಮೆನ್ಷಿಯಾ ಹಳ್ಳಿ ಜಗತ್ತಿನಲ್ಲೆಲ್ಲ ಹೆಸರು ಮಾಡಿತು. ಅಲ್ಲಿನ ಅಂಗಡಿ, ಚೌಕಗಳ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ನನಗೆ ಮುಖ್ಯ ಅನ್ನಿಸುವುದು ಬೇರೆ. ಅಲ್ಲಿ ಆರೇಳು ಜನ ಒಂದು ಮನೆಯವರಂತೆ ಇರುತ್ತಾರೆ ಮತ್ತು ಹೊರಗೆ ತಿರುಗಾಡಬಹುದು. ಸಣ್ಣ ಗುಂಪು, ನಡೆಯುವ ಸ್ವಾತಂತ್ರ್ಯ ಇವೆರಡನ್ನು ಸಾಧಾರಣ ಕಟ್ಟಡದಲ್ಲೂ ಕೊಡಬಹುದು.

9. ಆಸ್ಪತ್ರೆ, ಹಾಸಿಗೆ, ಕೊನೆಯ ದಿನಗಳು

ಆಸ್ಪತ್ರೆಗೆ ಸೇರಿಸಬೇಕಾದರೆ ಜೊತೆಗೆ ಯಾರು ಹೋಗುತ್ತಾರೆ? ಒಬ್ಬರೇ ಹೋದರೆ ಗಾಬರಿಯಿಂದ ಸ್ಥಿತಿ ಇನ್ನೂ ಕೆಡುತ್ತದೆ. ಈಗ ಎಷ್ಟು ಜನಕ್ಕೆ ಹಾಸಿಗೆ ಹುಣ್ಣು ಇದೆ, ಅದು ಇಲ್ಲೇ ಆದದ್ದಾ? ಮಗ್ಗುಲು ಬದಲಿಸಿದ್ದನ್ನು ಬರೆಯುವ ಚಾರ್ಟ್ ತೋರಿಸಲು ಹೇಳಿ. ಇಡೀ ದಿನದ ಸಾಲುಗಳೆಲ್ಲ ಒಂದೇ ಕೈಬರಹದಲ್ಲಿ, ಒಂದೇ ಉಸಿರಿನಲ್ಲಿ ಬರೆದಂತಿದ್ದರೆ ನಿಮಗೇ ಅರ್ಥವಾಗುತ್ತದೆ.

ಕೊನೆಯ ಹಂತದಲ್ಲಿ ತಿನ್ನುವುದು ನಿಂತಾಗ ಹೊಟ್ಟೆಗೆ ಕೊಳವೆ ಹಾಕಬೇಕಾ ಎಂಬ ಪ್ರಶ್ನೆ ಬರುತ್ತದೆ. ಬಲಿತ ಡಿಮೆನ್ಷಿಯಾದಲ್ಲಿ ಕೊಳವೆಗಿಂತ ಕೈಯಿಂದ ನಿಧಾನವಾಗಿ ತಿನ್ನಿಸುವುದೇ ಮೇಲು ಎಂದು ಅಮೆರಿಕದ ವೃದ್ಧಾಪ್ಯ ವೈದ್ಯರ ಸಂಘ ಹೇಳಿದೆ. ಅದಕ್ಕೆ ಸಮಯ, ತಾಳ್ಮೆ ಬೇಕು. ಕೇಂದ್ರದವರು ಅದಕ್ಕೆ ಸಿದ್ಧರಿದ್ದಾರಾ? ಕೊನೆಯ ಉಸಿರು ಇಲ್ಲೇ, ಗೊತ್ತಿರುವ ಮುಖಗಳ ನಡುವೆ ಹೋಗಲು ಬಿಡುತ್ತಾರಾ? ಕೇಳಲು ನಾಲಿಗೆ ಏಳುವುದಿಲ್ಲ, ಆದರೂ ಕೇಳಿ.

10. ಕರಾರು ಮತ್ತು ಬೇರೆ ಮನೆಯವರು

ಕರಾರು ಪತ್ರವನ್ನು ಮನೆಗೆ ತಂದು ಓದಿ. ತಿಂಗಳ ಶುಲ್ಕದಲ್ಲಿ ಡಯಾಪರ್, ಔಷಧಿ, ವೈದ್ಯರ ಭೇಟಿ ಸೇರಿದೆಯಾ? ಆಸ್ಪತ್ರೆಯಲ್ಲಿದ್ದ ದಿನಗಳಿಗೂ ಹಣ ಕೊಡಬೇಕಾ? ಡಿಪಾಸಿಟ್ ಯಾವಾಗ ವಾಪಸ್? ಯಾವ ಕಾರಣಕ್ಕೆ, ಎಷ್ಟು ದಿನದ ನೋಟಿಸ್ ಕೊಟ್ಟು ಹೊರಗೆ ಕಳಿಸಬಹುದು? ಸಹಿ ಮಾಡುವ ಅಧಿಕಾರ ಮನೆಯಲ್ಲಿ ಯಾರಿಗಿದೆ ಎಂಬುದನ್ನು ವಕೀಲರ ಹತ್ತಿರ ಮೊದಲೇ ಇತ್ಯರ್ಥ ಮಾಡಿಕೊಳ್ಳಿ. ವಾರಕ್ಕೊಂದು ದಿನ, ಇಂತಿಷ್ಟೇ ಗಂಟೆ ಮಾತ್ರ ಭೇಟಿ ಎಂಬ ನಿಯಮ ಇದ್ದರೆ ನಾನಂತೂ ಅಲ್ಲಿ ಸೇರಿಸಲು ಹೇಳುವುದಿಲ್ಲ.

ಅವರೇ ಪರಿಚಯಿಸುವ ಕುಟುಂಬಗಳ ಜೊತೆಗೆ, ಗೇಟಿನ ಹತ್ತಿರ ಸಿಗುವವರನ್ನೂ ಮಾತಾಡಿಸಿ. "ಹೇಗಿದೆ?" ಅಂದರೆ "ಪರವಾಗಿಲ್ಲ" ಅನ್ನುತ್ತಾರೆ. "ಹಿಂದಿನ ಸಲ ಯಾವ ವಿಷಯಕ್ಕೆ ದೂರು ಹೇಳಿದಿರಿ, ಆಮೇಲೆ ಏನಾಯಿತು?" ಅಂತ ಕೇಳಿ.

11. ಸೇರಿಸಿದ ಮೇಲೆ

ಆಗುವುದಾದರೆ ಮೊದಲು ಒಂದೆರಡು ವಾರದ ಮಟ್ಟಿಗೆ ಸೇರಿಸಿ ನೋಡಿ. ಒಂದು ಪುಟದ ಪರಿಚಯ ಬರೆದು ಮಂಚದ ಹತ್ತಿರ ಅಂಟಿಸಿ: ಏನೆಂದು ಕರೆದರೆ ಓಗೊಡುತ್ತಾರೆ, ಯಾವುದಕ್ಕೆ ಹೆದರುತ್ತಾರೆ, ಯಾವ ಮಗ್ಗುಲಿಗೆ ಮಲಗುತ್ತಾರೆ, ಅತ್ತಾಗ ಏನು ಮಾಡಿದರೆ ಸಮಾಧಾನ. "ಹೊಂದಿಕೊಳ್ಳುವವರೆಗೆ ಬರಬೇಡಿ" ಎಂದು ಕೆಲವರು ಹೇಳುತ್ತಾರೆ. ಎಲ್ಲರಿಗೂ ಒಂದೇ ನಿಯಮ ಸರಿಯಲ್ಲ. ನಿಮ್ಮನ್ನು ನೋಡಿದರೆ ಅವರಿಗೆ ನೆಮ್ಮದಿ ಆಗುತ್ತದೆ ಎಂದಾದರೆ ಹೋಗಿ.

ಪ್ರತಿಸಲ ಬೇರೆ ಬೇರೆ ಹೊತ್ತಿಗೆ ಹೋಗಿ. ಕಾಲು ಒತ್ತುವ ನೆಪದಲ್ಲಿ ಹಿಮ್ಮಡಿ ನೋಡಿ, ಬಟ್ಟೆ ಬದಲಿಸುವಾಗ ಬೆನ್ನಿನ ಕೆಳತುದಿ ನೋಡಿ, ಅಲ್ಲಿಯೇ ಹುಣ್ಣು ಮೊದಲು ಕೆಂಪಗೆ ಶುರುವಾಗುತ್ತದೆ. ತೋಳಿನ ಮೇಲ್ಭಾಗದಲ್ಲಿ ಬೆರಳಚ್ಚಿನಂತೆ ಕಂದಿದ ಗುರುತು ಇದ್ದರೆ ಫೋಟೊ ತೆಗೆದು ಅಂದೇ ವಿವರಣೆ ಕೇಳಿ. ತಾರೀಕು ಹಾಕಿ ಬರೆದಿಡಿ.

ಬಟ್ಟೆ ಅದಲುಬದಲಾಗುವುದು, ಒಂದು ದಿನ ಸ್ನಾನ ತಪ್ಪುವುದು ಎಲ್ಲ ಕಡೆ ಆಗುತ್ತದೆ. ಹೇಳಿದ ಮೇಲೆ ಸರಿಹೋಗುತ್ತದೆಯಾ ಎಂಬುದೇ ಮುಖ್ಯ. ಮೊದಲು ನರ್ಸ್, ಆಮೇಲೆ ಮ್ಯಾನೇಜರ್, ಆಮೇಲೆ ಬರಹದಲ್ಲಿ, ಅದಕ್ಕೂ ಬಗ್ಗದಿದ್ದರೆ ಪರವಾನಗಿ ಕೊಟ್ಟ ಇಲಾಖೆ. ಆದರೆ ಒಬ್ಬ ನಿರ್ದಿಷ್ಟ ಸಿಬ್ಬಂದಿ ಒಳಗೆ ಬಂದ ತಕ್ಷಣ ನಿಮ್ಮವರು ಮುದುಡಿಕೊಂಡರೆ ಈ ಮೆಟ್ಟಿಲುಗಳನ್ನು ಕಾಯಬೇಡಿ. ಹೆಸರು ಮರೆತವರಿಗೂ ಹೆದರಿಕೆ ನೆನಪಿರುತ್ತದೆ. ಆ ವ್ಯಕ್ತಿಯನ್ನು ಅಂದೇ ಬೇರೆ ಕಡೆಗೆ ಹಾಕಲು ಹೇಳಿ, ಒಪ್ಪದಿದ್ದರೆ ನಿಮ್ಮವರನ್ನು ಕರೆದುಕೊಂಡು ಹೊರಡಿ.